ಕಂಪೈಲರಿಗೂ ಪರೀಕ್ಷೆ ಬೇಕು

ಸಿ ಭಾಷೆಯಲ್ಲಿ ನಿರ್ದುಷ್ಟವಾಗಿ ಬರೆದು, ನಾಲ್ಕಾರು ಬಾರಿ ತಿದ್ದಿ ನೋಡಿದ ಪ್ರೋಗ್ರಾಮಿನಿಂದಲೂ ತಪ್ಪು ಲೆಕ್ಕ ಹೊರಡಬಹುದೆಂಬ ಸಂಗತಿ, ಅಂತಹ ಪ್ರೋಗ್ರಾಮುಗಳಿಗೆ ತಮ್ಮ ಪ್ರಾಣವನ್ನೇ ಒಪ್ಪಿಸಿರುವ ನಮ್ಮ ಜನಕ್ಕೆ ಇನ್ನೂ ಸಾಕಷ್ಟು ತಿಳಿದಿಲ್ಲ. ಒಂದು ಸೈನ್ಡ್ ಕ್ಯಾರ್‌ನಲ್ಲಿ 1 ಎಂಬ ಸಂಖ್ಯೆ, ಒಂದು ಅನ್‌ಸೈನ್ಡ್ ಕ್ಯಾರ್‌ನಲ್ಲಿ 255. ಮೊದಲನೆಯದು ದೊಡ್ಡದೇ ಎಂಬುದು ಪ್ರಶ್ನೆ. ಹೋಲಿಸುವ ಮುನ್ನ ಎರಡನ್ನೂ ಇಂಟ್ ಆಗಿ ವಿಸ್ತರಿಸತಕ್ಕದ್ದೆಂದು ಭಾಷೆಯ ವಿಧಿಯಿರುವುದರಿಂದ ಅಲ್ಲವೆಂದೇ ಉತ್ತರ ಬರಬೇಕು. ಆದರೆ ಉಬುಂಟು 8.04.1ರೊಡನೆ ಬಂದ ಜಿಸಿಸಿ ಕಂಪೈಲರು, ಆಪ್ಟಿಮೈಸೇಶನ್ನಿನ ಯಾವ ಮಟ್ಟದಲ್ಲಿಟ್ಟರೂ, ಹೌದೆಂದು ಹೇಳುವ ಯಂತ್ರಸಂಕೇತವನ್ನೇ ರಚಿಸುತ್ತಿತ್ತು. ಎಂಟು ಬಿಟ್‌ಗಳ 255ನ್ನು ಸೈನ್ಡ್ ಎಂದು ಓದಿದರೆ −1 ಆಗುವುದರಿಂದ, ವಿಧಿ ತಪ್ಪಿದೊಡನೆ ಹೋಲಿಕೆ ತಲೆಕೆಳಗಾಗುತ್ತದೆ. ಎಚ್ಚರಿಕೆಯ ಒಂದು ಸಾಲೂ ತೆರೆಯ ಮೇಲೆ ಮೂಡುತ್ತಿರಲಿಲ್ಲ.

ಇದನ್ನು ಹೊರಗೆಡವಿದವರು ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗೆರ್ ಮತ್ತು ಅವರ ಸಂಗಡಿಗರು. ಅವರು ನಿರ್ಮಿಸಿದ ಸಿಸ್ಮಿತ್ ಯಾದೃಚ್ಛಿಕವಾಗಿ ಪ್ರೋಗ್ರಾಮುಗಳನ್ನು ಹೆಣೆಯುತ್ತದೆ. ಒಂದೇ ಪ್ರೋಗ್ರಾಮನ್ನು ಹಲವು ಕಂಪೈಲರುಗಳಿಗೆ ಕೊಟ್ಟು, ಫಲಗಳು ಭಿನ್ನವಾದಲ್ಲಿ ದೋಷಿಯನ್ನು ಹಿಡಿಯುವುದು ಅವರ ಕ್ರಮ. ಮೂರು ವರ್ಷಗಳಲ್ಲಿ 325ಕ್ಕೂ ಮಿಗಿಲಾದ ಅಜ್ಞಾತ ದೋಷಗಳನ್ನು ವರದಿಮಾಡಿ, ಪರೀಕ್ಷಿಸಿದ ಪ್ರತಿಯೊಂದು ಕಂಪೈಲರೂ ಸದ್ದಿಲ್ಲದೆ ತಪ್ಪು ಸಂಕೇತವನ್ನು ಕೊಟ್ಟಿತೆಂದು 2011ರಲ್ಲಿ ಅವರು ಪ್ರಕಟಿಸಿದರು. ಸೈನ್ಡ್ ಸಂಖ್ಯೆ ತನ್ನ ಮಿತಿಯನ್ನು ಮೀರಿದಾಗ ಏನಾಗಬೇಕೆಂದು ಸಿ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲವಾದ್ದರಿಂದ ಅಲ್ಲಿನ ಅನರ್ಥಕ್ಕೆ ಬರೆದವನೇ ಹೊಣೆ, ನಿಜ. ಆದರೆ ಸಿಸ್ಮಿತ್ ಅಂತಹ ಅನಿರ್ದಿಷ್ಟ ಸ್ಥಳಗಳನ್ನು ಎಚ್ಚರದಿಂದ ಬಿಟ್ಟೇ ಬರೆಯುತ್ತಿದ್ದುದರಿಂದ ಆ ಸಮಾಧಾನ ಇಲ್ಲಿ ಸಲ್ಲದು.

ಆಪ್ಟಿಮೈಸೇಶನ್ನೇ ಬೇಡವೆಂದು ನನ್ನ ವಾದವಲ್ಲ. ಲೂಪಿನೊಳಗಿನ ಪುನರುಕ್ತಿಯನ್ನು ಹೊರಗೆಳೆಯುವ, ನಿರರ್ಥಕವಾದ ಗಣನೆಯನ್ನು ಅಳಿಸುವ ಈ ವಿದ್ಯೆ ಆದರಣೀಯವಾದುದೇ. ಅರ್ಥ ಕೆಡಲಿಲ್ಲವೆಂಬುದಕ್ಕೆ ಪ್ರಮಾಣ ಕೊಡೆಂದು ಅದನ್ನು ಕೇಳುವ ಅಧಿಕಾರವನ್ನು ಮಾತ್ರ ನಾವು ಬಿಟ್ಟುಕೊಡಬಾರದು. ಪ್ರಮಾಣ ಸಾಧ್ಯವೆಂಬುದನ್ನು ಫ್ರಾನ್ಸಿನ ಕ್ಸಾವಿಯೆ ಲೆರ್ವಾ ತೋರಿಸಿದ್ದಾರೆ: ಅವರ ಕಾಂಪ್‌ಸರ್ಟ್ ಕಂಪೈಲರಿನ ಪರಿವರ್ತನೆಗಳು ಕಾಕ್ ಎಂಬ ಸಾಧನದಲ್ಲಿ ಗಣಿತರೀತ್ಯಾ ಸಾಧಿತವಾದವು; ಸಾಧನೆಗೊಳಪಡದ ಅಂಚುಗಳಲ್ಲಿ ಕೆಲವು ದೋಷಗಳು ಸಿಕ್ಕರೂ, ಸಾಧಿತವಾದ ಮಧ್ಯಭಾಗದಲ್ಲಿ ಸಿಸ್ಮಿತ್‌ಗೆ ತಪ್ಪು ಸಂಕೇತದ ಒಂದು ದೋಷವೂ ದೊರೆಯಲಿಲ್ಲ. ಆದುದರಿಂದ ಆಸ್ಪತ್ರೆಗೆ, ರೈಲ್ವೆ ಸಿಗ್ನಲಿಗೆ ಸರ್ಕಾರ ಕೊಳ್ಳುವ ಯಂತ್ರಗಳ ಟೆಂಡರಿನಲ್ಲಿ ಕಂಪೈಲರಿನ ಹೆಸರು, ಆವೃತ್ತಿ ಮತ್ತು ಅದನ್ನು ಪರೀಕ್ಷಿಸಿದ ದಾಖಲೆಯನ್ನು ಕಡ್ಡಾಯವಾಗಿ ಕೇಳತಕ್ಕದ್ದು. ಲೆರ್ವಾ 2009ರಲ್ಲಿ ಕೊಟ್ಟ ಅಳತೆಯಂತೆ, ಕಾಂಪ್‌ಸರ್ಟಿನ ಸಂಕೇತ ಜಿಸಿಸಿಯ ಎರಡನೆಯ ಮಟ್ಟದ ಆಪ್ಟಿಮೈಸೇಶನ್ನಿಗಿಂತ ಸರಾಸರಿ ಶೇಕಡಾ 12ರಷ್ಟು ಮಾತ್ರ ನಿಧಾನ; ರೋಗಿಯ ನಾಳಕ್ಕೆ ಔಷಧವನ್ನು ಅಳೆದು ಹನಿಸುವ ಯಂತ್ರದಲ್ಲಿ ಅಷ್ಟು ವೇಗ ಹೋದರೆ ಹೋಗಲಿ.