ಬಿಸಿ ಉಕ್ಕು, ಹೊಸ ಹುಡುಗರು

ಪರೀಕ್ಷೆ ಮುಗಿದು ರಜೆ ಬಂತೆಂದರೆ ಸಾಕು, ಜೆ.ಪಿ. ನಗರ, ಬನಶಂಕರಿಯ ಸಣ್ಣಪುಟ್ಟ ವರ್ಕ್‌ಶಾಪ್‌ಗಳಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಡತಾಕುತ್ತಾರೆ. ಕೈಯಲ್ಲಿ ಕಾಲೇಜಿನ ಪತ್ರ, ಬಾಯಲ್ಲಿ 'ಇಂಟರ್ನ್‌ಶಿಪ್'. ಬಸವನಗುಡಿಯಿಂದ ಕುಮಾರಸ್ವಾಮಿ ಬಡಾವಣೆಯವರೆಗೆ ಇಷ್ಟೊಂದು ಕಾಲೇಜುಗಳಿರುವಾಗ ಇದೇನೂ ಅಚ್ಚರಿಯಲ್ಲ.

'ದಿನಾ ಬರೋಕಾಗಲ್ಲ ಸಾರ್, ಸರ್ಟಿಫಿಕೇಟ್ ಕೊಟ್ಟರೆ ಸಾಕು' ಎನ್ನುವವರನ್ನು ಮಾಲೀಕರು ಕೈಮುಗಿದು ಕಳುಹಿಸಿಬಿಡಬಹುದು. ಕಷ್ಟವಿರುವುದು ನಿಷ್ಠೆಯಿಂದ ಬರುವವರ ವಿಷಯದಲ್ಲೇ. ಲೇತ್‌ನಿಂದ ಆಗಷ್ಟೇ ಇಳಿಸಿದ ಉಕ್ಕಿನ ಶಾಫ್ಟನ್ನು ಹುಡುಗ ಅಳೆಯುತ್ತಾನೆ. ವ್ಯಾಸ ಸರಿಯಾಗಿ 100 ಮಿ.ಮೀ. ಖುಷಿಯಿಂದ ಬರೆದುಕೊಳ್ಳುತ್ತಾನೆ. ತಣಿದ ಮೇಲೆ ಮೇಸ್ತ್ರಿ ಅಳೆದರೆ ಕಡಿಮೆ! ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಶಾಫ್ಟ್ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ 0.024 ಮಿ.ಮೀ. ವ್ಯತ್ಯಾಸ. ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟೇ ಸಾಕು, ಮಾಲು ವಾಪಸು. ನಷ್ಟ ಮಾಲೀಕರದು.

'ಉಷ್ಣದಿಂದ ವಸ್ತುಗಳು ಹಿಗ್ಗುತ್ತವೆ' ಎಂದು ಹುಡುಗ ಹೈಸ್ಕೂಲಿನಲ್ಲೇ ಬರೆದು ಅಂಕ ಪಡೆದಿದ್ದಾನೆ. ಅದು ಅವನ ಬೆರಳಿಗೆ ತಾಕಿದ್ದು ಮಾತ್ರ ಈಗ.

ಈ ಕಲಿಕೆಯ ಖರ್ಚು ಯಾರದು? 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು. ಆದರೆ ಅದು ನೆಚ್ಚಿದ್ದು ದೇಶದ 500 ದೊಡ್ಡ ಕಂಪನಿಗಳನ್ನು. ಎರಡು ಲೇತ್ ಇಟ್ಟುಕೊಂಡವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಮೊದಲ ವಾರ ಗುಜರಿ ತುಂಡುಗಳ ಮೇಲೆ ಕೈ ಪಳಗಲಿ. ಪಕ್ಕದಲ್ಲಿ ಒಬ್ಬ ಹಳೆಯ ಕೆಲಸಗಾರನಿರಲಿ. ಸರ್ಟಿಫಿಕೇಟಿನಲ್ಲಿ ಬಂದ ದಿನಗಳಷ್ಟೇ ಇರಲಿ.

ಅಳೆಯುವ ಮುನ್ನ ಉಕ್ಕು ತಣಿಯಲು ಬಿಡುವವರು, ಹುಡುಗರಿಗೂ ಅಷ್ಟು ಹೊತ್ತು ಕೊಡಬಾರದೇ?