ಏರು ದಾರಿಗೆ ಒಂದು ಬಾಳೆಹಣ್ಣು

ಜೂನ್ ತಿಂಗಳ ಒಂದು ಭಾನುವಾರ. ಲಂಡನ್ನಿನ ದಕ್ಷಿಣ ಭಾಗದಲ್ಲಿರುವ ಕ್ಲಾಪಮ್ ಕಾಮನ್ ಎಂಬ ವಿಶಾಲ ಮೈದಾನದಲ್ಲಿ ಬೆಳಕು ಹರಿಯುವ ಹೊತ್ತಿಗೇ ಸೈಕಲ್ಲುಗಳ ಜಾತ್ರೆ ನೆರೆದಿರುತ್ತದೆ. ಕಾಲೇಜು ಹುಡುಗರು, ಗುಮಾಸ್ತರು, ದಾದಿಯರು, ನಿವೃತ್ತರು, ತಂದೆ-ಮಗ, ಅಕ್ಕ-ತಂಗಿ ಹೀಗೆ ಸಾವಿರಾರು ಮಂದಿ. ಅಗ್ಗದ ಸೈಕಲ್ಲೂ ಉಂಟು, ಗರಿಯಂತೆ ಹಗುರಾದ ದುಬಾರಿ ಸೈಕಲ್ಲೂ ಉಂಟು. ತಂಡತಂಡವಾಗಿ ಅವರನ್ನು ದಾರಿಗೆ ಬಿಡಲಾಗುತ್ತದೆ. ಅವರು ಮುಟ್ಟಬೇಕಾದದ್ದು 54 ಮೈಲಿ, ಅಂದರೆ ಸುಮಾರು 87 ಕಿ.ಮೀ. ದೂರದ ಬ್ರೈಟನ್ ಕಡಲ ತೀರವನ್ನು. ಇದು ಪಂದ್ಯವಲ್ಲ. ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ನಗೆಪಾಟಲೂ ಇಲ್ಲ. ಹೃದ್ರೋಗದ ಸಂಶೋಧನೆಗೆ ಹಣ ಕೂಡಿಸುವುದೇ ಇದರ ಉದ್ದೇಶ.

ಹಾಗಾಗಿಯೇ ಎಷ್ಟೋ ಸವಾರರ ಬೆನ್ನ ಮೇಲೆ ಒಂದು ಚೀಟಿ ಕಾಣುತ್ತದೆ. ಅದರಲ್ಲಿ ಹೃದಯಾಘಾತದಿಂದ ತೀರಿಕೊಂಡ ತಂದೆಯ ಅಥವಾ ಗೆಳೆಯನ ಹೆಸರಿರುತ್ತದೆ. ಹಿಂದೆ ಬರುವ ಅಪರಿಚಿತರು ಆ ಹೆಸರನ್ನು ಓದುತ್ತಲೇ ಪೆಡಲ್ ತುಳಿಯುತ್ತಾರೆ.

ಲಂಡನ್ನಿನಿಂದ ಬ್ರೈಟನ್ನಿಗೆ ಸೈಕಲ್ ತುಳಿಯುವ ಹುಚ್ಚು ಇಂದು ನೆನ್ನೆಯದಲ್ಲ. 1869ರಲ್ಲಿ, ಸೈಕಲ್ಲಿಗೆ ಇನ್ನೂ ಚೈನಾಗಲಿ ಗಾಳಿ ತುಂಬಿದ ಟಯರಾಗಲಿ ಇಲ್ಲದ ಕಾಲದಲ್ಲಿ, ಮೂವರು ಗೆಳೆಯರು ಈ ಸಾಹಸಕ್ಕೆ ಹೊರಟಿದ್ದರು. ಬ್ರೈಟನ್ನಿನವರೆಗೂ ತುಳಿದವನು ಜಾನ್ ಮೇಯಲ್ ಒಬ್ಬನೇ. ಅದಾಗಿ ನೂರು ವರ್ಷಗಳ ಮೇಲೆ, 1970ರ ದಶಕದಲ್ಲಿ, ಒಂದಷ್ಟು ಉತ್ಸಾಹಿಗಳು ಒಟ್ಟಾಗಿ ಈ ದಾರಿ ತುಳಿಯಲು ಶುರುಮಾಡಿದರು. 1980ರಿಂದ ಈ ಸವಾರಿ 'ಬ್ರಿಟಿಷ್ ಹಾರ್ಟ್ ಫೌಂಡೇಷನ್' ಜೊತೆ ಸೇರಿಕೊಂಡಿತು. ಹೃದ್ರೋಗದ ಸಾವುಗಳು ಏರುತ್ತಿರುವುದನ್ನು ಕಂಡು ಕಳವಳಗೊಂಡ ವೈದ್ಯರು 1961ರಲ್ಲಿ ಕಟ್ಟಿದ ಸಂಸ್ಥೆ ಅದು. ಹೃದಯಾಘಾತವಾದ ಕೂಡಲೇ ಆಸ್ಪಿರಿನ್ ಕೊಟ್ಟರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು ಎಂಬುದನ್ನು 17 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 1988ರಲ್ಲಿ ತೋರಿಸಿಕೊಟ್ಟಿತು. ಅಂಥ ದೊಡ್ಡ ಅಧ್ಯಯನಗಳು ಸರ್ಕಾರದ ಹಣದಿಂದಷ್ಟೇ ನಡೆಯುವುದಿಲ್ಲ. ಜನ ಕೊಟ್ಟ ಚಿಲ್ಲರೆ ಕಾಸೂ ಅದರಲ್ಲಿ ಸೇರಿರುತ್ತದೆ.

ಆ ಕಾಸು ಕೂಡುವ ಬಗೆ ಸರಳ. ಸವಾರ ಮೊದಲು ಪ್ರವೇಶ ಶುಲ್ಕ ಕಟ್ಟುತ್ತಾನೆ. ಆಮೇಲೆ ಬಂಧುಗಳು, ನೆರೆಹೊರೆಯವರು, ಸಹೋದ್ಯೋಗಿಗಳ ಬಳಿಗೆ ಹೋಗಿ, 'ನಾನು ಬ್ರೈಟನ್ನಿನ ತನಕ ತುಳಿಯುತ್ತೇನೆ, ನೀವೆಷ್ಟು ಕೊಡುತ್ತೀರಿ?' ಎಂದು ಕೇಳುತ್ತಾನೆ. ಐದು ಪೌಂಡು, ಹತ್ತು ಪೌಂಡು ಹೀಗೆ ಪಟ್ಟಿ ಬೆಳೆಯುತ್ತದೆ. ನಮ್ಮೂರಿನಲ್ಲಿ ಗಣೇಶೋತ್ಸವಕ್ಕೆ ವಂತಿಗೆ ಎತ್ತುವ ಹುಡುಗರಿಗೆ ಇದು ಹೊಸದೇನಲ್ಲ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಕೇಳುವವನು ತನ್ನ ಬೆವರನ್ನು ಅಡವಿಟ್ಟು ಕೇಳುತ್ತಾನೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರಿರುತ್ತಾರಲ್ಲ, ಹಾಗೆಯೇ ಬ್ರೈಟನ್ ದಾರಿಯ ಹಳ್ಳಿಗಳಲ್ಲೂ ಜನ ಚಹಾ, ಕೇಕು ಇಟ್ಟುಕೊಂಡು ನಿಂತಿರುತ್ತಾರೆ. ಮಕ್ಕಳು ರಸ್ತೆ ಬದಿಯಲ್ಲಿ ಚಪ್ಪಾಳೆ ತಟ್ಟುತ್ತಾರೆ.

ನಕ್ಷೆಯಲ್ಲಿ ನೋಡಿದರೆ ದಾರಿ ಸುಲಭವೆನಿಸುತ್ತದೆ. ಆದರೆ ನಡುವೆ ಬೆಟ್ಟಸಾಲುಗಳಿವೆ. ಉತ್ತರದಲ್ಲಿ ನಾರ್ತ್ ಡೌನ್ಸ್, ದಕ್ಷಿಣದಲ್ಲಿ ಸೌತ್ ಡೌನ್ಸ್, ಎರಡರ ನಡುವೆ ವೀಲ್ಡ್ ಎಂಬ ಏರುತಗ್ಗಿನ ನಾಡು. ಡೌನ್ಸ್ ಬೆಟ್ಟಗಳು ಸೀಮೆಸುಣ್ಣದ ಜಾತಿಯ ಮೆದುವಾದ ಬಿಳಿ ಕಲ್ಲಿನವು. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಸೂಕ್ಷ್ಮ ಜೀವಿಗಳ ಚಿಪ್ಪು ಪದರಪದರವಾಗಿ ಕೂತು ಆದ ಕಲ್ಲು ಅದು. ಮುಂದೆ ಭೂಮಿಯ ಒತ್ತಡಕ್ಕೆ ಆ ಪದರಗಳು ಗುಮ್ಮಟದಂತೆ ಉಬ್ಬಿದವು. ಮಳೆ, ಹೊಳೆಗಳು ಗುಮ್ಮಟದ ನೆತ್ತಿಯನ್ನು ಸವೆಸಿಹಾಕಿದವು. ಉಳಿದದ್ದು ಎರಡು ಅಂಚುಗಳು, ಅವೇ ಇಂದಿನ ಎರಡು ಬೆಟ್ಟಸಾಲುಗಳು. ಅವುಗಳ ಕಡಿದಾದ ಮುಖ ಒಳಗಡೆಗೆ, ಅಂದರೆ ಒಂದಕ್ಕೊಂದು ಎದುರಾಗಿ ಇದೆ. ಹೀಗಾಗಿ ಉತ್ತರದಿಂದ ಬರುವ ಸವಾರನಿಗೆ ಸೌತ್ ಡೌನ್ಸ್ ತನ್ನ ಕಡಿದಾದ ಮುಖವನ್ನೇ ತೋರಿಸುತ್ತದೆ. ಆ ಮುಖದ ಮೇಲಿನ ಏರೇ ಡಿಚ್ಲಿಂಗ್ ಬೀಕನ್.

ಹೆಸರು ಕೇಳಿದರೆ ಸಾಕು, ಈ ಸವಾರಿ ಮಾಡಿದವರ ತೊಡೆಗಳು ನೋಯತೊಡಗುತ್ತವೆ. ಬೀಕನ್‌ನ ನೆತ್ತಿ ಸಮುದ್ರಮಟ್ಟದಿಂದ 248 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರಿಗೂ ಎತ್ತರದ ಚಾಮುಂಡಿ ಬೆಟ್ಟ ಕಂಡವರಿಗೆ ಇದು ದಿಣ್ಣೆ ಎನಿಸೀತು. ಆದರೆ ಬುಡದಿಂದ ಸುಮಾರು ಒಂದೂವರೆ ಕಿ.ಮೀ.ನಲ್ಲೇ ರಸ್ತೆ ಸುಮಾರು 140 ಮೀಟರ್ ಮೇಲೇರುತ್ತದೆ. ಸರಾಸರಿ ಏರು ಶೇಕಡಾ 9. ಕೆಲವು ತಿರುವುಗಳಲ್ಲಿ ಅದು ಶೇಕಡಾ 16ರ ತನಕ ಹೋಗುತ್ತದೆ. ರಸ್ತೆ ಕಿರಿದು, ಮೇಲೆ ಮರಗಳ ಚಪ್ಪರ. ಮುಂದಿನ ತಿರುವಿನಾಚೆ ಏನಿದೆಯೆಂದು ಕಾಣುವುದಿಲ್ಲ. ಸಾಲದ್ದಕ್ಕೆ ಇದು ಬರುವುದು 75 ಕಿ.ಮೀ. ಆಸುಪಾಸು ತುಳಿದು ಕಾಲು ಸೋತ ಮೇಲೆ. 1994ರಲ್ಲಿ 'ಟೂರ್ ಡಿ ಫ್ರಾನ್ಸ್' ಇಂಗ್ಲೆಂಡಿಗೆ ಬಂದಾಗ ಜಗತ್ತಿನ ಘಟಾನುಘಟಿ ಸವಾರರೂ ಈ ಏರನ್ನು ಏರಿದ್ದರು.

ಈಗ ಒಂದು ಲೆಕ್ಕ. ಪಿಯುಸಿ ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಮಾಡಿ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಎನ್ನೋಣ. ಅದನ್ನು 140 ಮೀಟರ್ ಎತ್ತಲು ಬೇಕಾದ ಶಕ್ತಿ 80 ಗುಣಿಸು 9.8 ಗುಣಿಸು 140, ಅಂದರೆ ಸುಮಾರು 1 ಲಕ್ಷ 10 ಸಾವಿರ ಜೂಲ್. ಕೇಳಲು ಭಾರಿ ಸಂಖ್ಯೆ. ಆಹಾರದ ಲೆಕ್ಕಕ್ಕೆ ತಿರುಗಿಸಿದರೆ ಇದು ಬರೀ 26 ಕಿಲೊಕ್ಯಾಲರಿ! ಮನುಷ್ಯನ ಸ್ನಾಯುಗಳು ತಿಂದದ್ದರಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಕೆಲಸವಾಗಿಸುತ್ತವೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ನೂರು ಕಿಲೊಕ್ಯಾಲರಿಗೆ ತುಸು ಹೆಚ್ಚು ಬೇಕು. ಒಂದು ಸಾಧಾರಣ ಗಾತ್ರದ ಬಾಳೆಹಣ್ಣಿನಲ್ಲಿ ಇರುವುದು ಹೆಚ್ಚುಕಡಿಮೆ ಅಷ್ಟೇ.

ಅಂದರೆ ಸಾವಿರಾರು ಜನರನ್ನು ಸೈಕಲ್ಲಿನಿಂದ ಕೆಳಗಿಳಿಸುವ ಈ ಬೆಟ್ಟ ಕೇಳುವುದು ಒಂದೇ ಒಂದು ಬಾಳೆಹಣ್ಣಿನ ಶಕ್ತಿಯನ್ನು. ಹಾಗಾದರೆ ಜನ ಸೋಲುವುದೇಕೆ?

ಸೋಲುವುದು ಶಕ್ತಿ ಸಾಲದೆ ಅಲ್ಲ, ಅದನ್ನು ಖರ್ಚು ಮಾಡುವ ವೇಗದಿಂದ. ಶೇಕಡಾ 9ರ ಏರಿನಲ್ಲಿ ಗಂಟೆಗೆ 6 ಕಿ.ಮೀ.ನಂತೆ ಹತ್ತುವವನು ಬೆಟ್ಟದ ಸೆಳೆತಕ್ಕೆ ಎದುರಾಗಿ ಸುಮಾರು 120 ವ್ಯಾಟ್ ಸುರಿಯಬೇಕು. ಅದು 60 ವ್ಯಾಟಿನ ಎರಡು ಹಳೆಯ ಬಲ್ಬುಗಳಷ್ಟು. ಅದೇ ಏರನ್ನು ಗಂಟೆಗೆ 15 ಕಿ.ಮೀ.ನಂತೆ ಹತ್ತುತ್ತೇನೆಂದು ಹೊರಟರೆ ಐದು ಬಲ್ಬು ಉರಿಸಬೇಕು. ಎರಡು ಬಲ್ಬನ್ನು ಆರೋಗ್ಯವಂತ ಸಾಮಾನ್ಯರು ಹದಿನೈದು ನಿಮಿಷ ಉರಿಸಬಲ್ಲರು. ಐದು ಬಲ್ಬನ್ನು ಹೆಚ್ಚಿನವರು ಒಂದೆರಡು ನಿಮಿಷ ಉರಿಸಿ ಏದುಸಿರು ಬಿಡುತ್ತಾರೆ. ಹತ್ತುವ ಎತ್ತರ ಇಬ್ಬರಿಗೂ ಒಂದೇ, ಬೇಕಾದ ಬಾಳೆಹಣ್ಣೂ ಒಂದೇ.

ಗಿಯರ್ ಮಾಡುವುದೂ ಇದೇ ಕೆಲಸವನ್ನು. ನಮ್ಮ ಹಾಲಿನವರ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬೆಟ್ಟಕ್ಕೆಂದು ಗಿಯರ್ ಹಾಕಿದ ಸೈಕಲ್ಲಿನಲ್ಲಿ ಮುಂದಿನ, ಹಿಂದಿನ ಹಲ್ಲುಚಕ್ರಗಳನ್ನು ಸಮಸಮ ಮಾಡಿಕೊಂಡರೆ ಒಂದು ಸುತ್ತಿಗೆ ಎರಡು ಮೀಟರು ಮಾತ್ರ. ತುಳಿಯುವ ಸುತ್ತು ಹೆಚ್ಚುತ್ತದೆ, ಪ್ರತಿ ತುಳಿತದ ಭಾರ ಇಳಿಯುತ್ತದೆ. ಗಿಯರ್ ಬೆಟ್ಟವನ್ನು ಚಿಕ್ಕದು ಮಾಡುವುದಿಲ್ಲ, ಅದನ್ನು ಸಣ್ಣ ಸಣ್ಣ ತುತ್ತುಗಳಾಗಿ ಮುರಿದುಕೊಡುತ್ತದೆ, ಅಷ್ಟೆ.

ಒಬ್ಬ ತಂದೆ, ಒಬ್ಬ ಮಗ ಈ ಸವಾರಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ತಂದೆಗೆ ಐವತ್ತು, ಮಗನಿಗೆ ಹದಿನೆಂಟು. ತಂದೆಯ ಬೆನ್ನಿನ ಚೀಟಿಯಲ್ಲಿ ಇರುವುದು ಅಜ್ಜನ ಹೆಸರು. ಬೆಳಗಿನಿಂದಲೂ ಮಗ ಮುಂದೆ, ತಂದೆ ಹಿಂದೆ. ಬೀಕನ್‌ನ ಬುಡ ಬಂದಾಗ ಮಗನ ಕಣ್ಣಿಗೆ ಬಿದ್ದದ್ದು ಬೆಟ್ಟವಲ್ಲ, ಮುಂದೆ ಹೋಗುತ್ತಿರುವ ಹತ್ತು ಸವಾರರು. ಅವರನ್ನು ಹಿಂದೆ ಹಾಕಬೇಕು! ಸೀಟಿನಿಂದೆದ್ದು ತುಳಿಯುತ್ತಾನೆ. ಮೊದಲ ತಿರುವು ದಾಟುತ್ತಾನೆ, ಎರಡನೆಯದರಲ್ಲಿ ಉಸಿರು ಕಟ್ಟುತ್ತದೆ, ಮೂರನೆಯದಕ್ಕೆ ಮುನ್ನ ಕಾಲು ನೆಲಕ್ಕೆ ಬರುತ್ತದೆ. ಐದು ನಿಮಿಷದಲ್ಲಿ ತಂದೆ ಹಿಂದಿನಿಂದ ಬರುತ್ತಾನೆ. ತೀರಾ ನಿಧಾನ, ಆದರೆ ಕಾಲು ತಿರುಗುತ್ತಲೇ ಇದೆ. ಅಲ್ಲಿ ನಿಂತರೆ ಆ ಕಡಿದಾದ ಏರಿನಲ್ಲಿ ಮತ್ತೆ ಹತ್ತಿ ಹೊರಡುವುದು ಕಷ್ಟವೆಂದು ಅವನಿಗೆ ಗೊತ್ತು. 'ನಡ್ಕೊಂಡು ಬಾ, ಮೇಲಿರ್ತೀನಿ' ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. 'ಆವಾಗಲೇ ಹೇಳಿರಲಿಲ್ಲವೇ' ಎಂಬ ಮಾತಿಲ್ಲ. ಮಗ ಸೈಕಲ್ ತಳ್ಳಿಕೊಂಡು ನಡೆಯುತ್ತಾನೆ. ಅಕ್ಕಪಕ್ಕ ನೋಡಿದರೆ ಅವನಂತೆ ತಳ್ಳುವವರ ದೊಡ್ಡ ಸಾಲೇ ಇದೆ. ಏರು ತುಸು ಸಡಿಲವಾದ ಕಡೆ ಮತ್ತೆ ಹತ್ತುತ್ತಾನೆ. ನೆತ್ತಿಯಲ್ಲಿ ತಂದೆ ಬಾಳೆಹಣ್ಣು ಸುಲಿಯುತ್ತ ನಿಂತಿರುತ್ತಾನೆ. ಅರ್ಧ ಮಗನಿಗೆ.

ಅಜ್ಜನ ಹೆಸರಿನಲ್ಲಿ ಕೂಡಿದ ಹಣದಲ್ಲಿ, ಮಗ ನಡೆದನೆಂಬ ಕಾರಣಕ್ಕೆ ಒಂದು ಪೆನ್ನಿಯೂ ಕಡಿಮೆಯಾಗಲಿಲ್ಲ.

ಜೊತೆಗಾರರ ಬೆಲೆಯೂ ಇಂಥಲ್ಲೇ ತಿಳಿಯುವುದು. ಸಮತಟ್ಟಾದ ದಾರಿಯಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಎದುರುಗಾಳಿ ತಪ್ಪಿ ಶ್ರಮ ಉಳಿಯುತ್ತದೆ. ಕಡಿದಾದ ಏರಿನಲ್ಲಿ ವೇಗವೇ ಇಲ್ಲದ್ದರಿಂದ ಆ ಲಾಭವೂ ಇಲ್ಲ. ಅಲ್ಲಿ ಯಾರೂ ಯಾರನ್ನೂ ಎಳೆಯಲಾರರು. ಪಕ್ಕದಲ್ಲಿ ಇರುವುದು, ಒಂದು ಮಾತು ಆಡುವುದು, ಮೇಲೆ ಕಾಯುವುದು, ಕೊಡಬಹುದಾದದ್ದು ಇಷ್ಟೇ. ಆದರೆ ಎಷ್ಟೋ ಜನರನ್ನು ಮೇಲಕ್ಕೆ ತಲುಪಿಸುವುದು ಇಷ್ಟೇ.

ಹೃದಯಕ್ಕಾಗಿ ನಡೆಯುವ ಸವಾರಿಯಲ್ಲಿ ಹೃದಯವನ್ನೇ ಮರೆಯಬಾರದು. ಗರಿಷ್ಠ ಹೃದಯ ಬಡಿತಕ್ಕೆ ಒಂದು ಒರಟು ಲೆಕ್ಕವಿದೆ: 220ರಿಂದ ವಯಸ್ಸನ್ನು ಕಳೆಯುವುದು. ಹದಿನೆಂಟರವನಿಗೆ 202, ಐವತ್ತರವನಿಗೆ 170. ಅದಕ್ಕಿಂತ ಸರಳ ಅಳತೆಗೋಲು ಮಾತು. ತುಳಿಯುತ್ತಲೇ ಒಂದು ಪೂರ್ತಿ ವಾಕ್ಯ ಆಡಲಾದರೆ ವೇಗ ಸರಿಯಿದೆ; ಒಂದೊಂದೇ ಪದ ಹೊರಬಿದ್ದರೆ ನಿಧಾನಿಸಬೇಕು. ಎದೆನೋವು, ತಲೆಸುತ್ತು ಬಂದರೆ ತಕ್ಷಣ ಇಳಿದು ನೆರವು ಕೇಳಬೇಕು. ಬಹುಕಾಲ ವ್ಯಾಯಾಮ ಬಿಟ್ಟ ತಂದೆತಾಯಿಗಳು ವೈದ್ಯರನ್ನು ಕಂಡು, ವಾರವಾರ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸಿಕೊಂಡು ಸಿದ್ಧರಾಗುವುದು ಕ್ಷೇಮ. ಮಕ್ಕಳು ಕಲಿಯಬೇಕಾದ ಇನ್ನೊಂದು ವಿದ್ಯೆಯಿದೆ. ಯಾರಾದರೂ ಕುಸಿದುಬಿದ್ದು, ಪ್ರಜ್ಞೆಯಿಲ್ಲದೆ, ಸರಿಯಾಗಿ ಉಸಿರಾಡದಿದ್ದರೆ ಆಂಬುಲೆನ್ಸಿಗೆ ಕರೆಮಾಡಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ಇದನ್ನು ತರಬೇತಿ ಪಡೆದು ಕಲಿತರೆ ಮನೆಯಲ್ಲೇ ಒಂದು ಜೀವ ಉಳಿದೀತು.

ಇಳಿಜಾರಿಗೂ ಬುದ್ಧಿ ಬೇಕು. ಬೀಕನ್ ಹತ್ತಿದ ಖುಷಿಯಲ್ಲಿ ಕೈಬಿಟ್ಟು ಧುಮುಕಿದರೆ ಅಪಾಯ. ಬ್ರೇಕು ಮೊದಲೇ ನೋಡಿಕೊಂಡಿರಬೇಕು, ತಲೆಗೆ ಹೆಲ್ಮೆಟ್ ಇರಬೇಕು, ಮುಂದಿನ ಸವಾರನಿಂದ ಅಂತರವಿರಬೇಕು. ತಳ್ಳಿಕೊಂಡು ಹತ್ತುವವರು ಒಂದು ಪಕ್ಕಕ್ಕೆ ಸರಿದು, ತುಳಿಯುವವರಿಗೆ ದಾರಿ ಬಿಡುವುದು ಅಲ್ಲಿನ ಮರ್ಯಾದೆ.

ನಮ್ಮ ಮನೆಗಳಲ್ಲೂ ವರ್ಷಕ್ಕೊಂದು ಡಿಚ್ಲಿಂಗ್ ಬೀಕನ್ ಬರುತ್ತದೆ, ಮಾರ್ಚ್ ತಿಂಗಳ ಆಸುಪಾಸಿನಲ್ಲಿ. ಜೂನ್‌ನಿಂದ ದಿನಕ್ಕೆರಡು ಬಲ್ಬು ಉರಿಸಿದ್ದರೆ ಮುಗಿಯುತ್ತಿದ್ದ ಪಾಠವನ್ನು, ಕೊನೆಯ ಹದಿನೈದು ದಿನ ಐದು ಬಲ್ಬು ಉರಿಸಿ ಮುಗಿಸಲು ಹೊರಡುವ ಮಕ್ಕಳಿದ್ದಾರೆ. ಪಕ್ಕದ ಮನೆಯ ಸವಾರನನ್ನು ತೋರಿಸಿ ಮಗನನ್ನು ಸೀಟಿನಿಂದ ಎಬ್ಬಿಸುವ ತಂದೆತಾಯಿಗಳೂ ಇದ್ದಾರೆ. ಮಗು ಎಲ್ಲೋ ಇಳಿದು ನಡೆದರೆ, ಒಂದು ವಿಷಯದಲ್ಲಿ ಹಿಂದೆ ಬಿದ್ದು ಮತ್ತೆ ಪರೀಕ್ಷೆ ಕಟ್ಟಿದರೆ, ಅದೇ ದಾರಿಯ ಅಂತ್ಯವೆಂದು ಮನೆಯೇ ಅಳತೊಡಗುತ್ತದೆ. ನಡೆದವನೂ ನೆತ್ತಿ ತಲುಪುತ್ತಾನೆ ಎಂಬುದನ್ನು ಆಗ ನೆನಪಿಸುವವರು ಬೇಕು. ಗದರಿಸದೆ ಮೇಲೆ ಕಾದು ನಿಲ್ಲುವವರೂ ಬೇಕು.

ಬೀಕನ್‌ನ ನೆತ್ತಿಯಿಂದ ದಕ್ಷಿಣಕ್ಕೆ ನೋಡಿದರೆ ದೂರದಲ್ಲಿ ಕಡಲು ಕಾಣುತ್ತದೆ. ಇನ್ನು ಹತ್ತು ಕಿ.ಮೀ. ಚಿಲ್ಲರೆ, ಬಹುಪಾಲು ಇಳಿಜಾರು. ತುಳಿದು ಬಂದವರು, ತಳ್ಳಿಕೊಂಡು ಬಂದವರು ಎಲ್ಲರೂ ಅಲ್ಲಿ ಒಂದು ಗುಟುಕು ನೀರು ಕುಡಿದು, ಬೆನ್ನಿನ ಚೀಟಿ ಸರಿಮಾಡಿಕೊಂಡು, ಒಟ್ಟಿಗೇ ಕೆಳಗಿಳಿಯುತ್ತಾರೆ. ಕಡಲ ದಂಡೆಯ ಮಡೀರಾ ಡ್ರೈವ್‌ನಲ್ಲಿ ಅವರನ್ನು ಎದುರುಗೊಳ್ಳುವ ಜನ ಚಪ್ಪಾಳೆ ತಟ್ಟುತ್ತಾರೆ. ಬೀಕನ್ನನ್ನು ಯಾರು ತುಳಿದು ಹತ್ತಿದರು, ಯಾರು ನಡೆದು ಹತ್ತಿದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.