ಒಂದೇ ಗಾಳಿ, ಒಂದೇ ಹಾಯಿ
ಕೆನಡದ ಬ್ರೂಸ್ ಕರ್ಬಿ ರೂಪಿಸಿದ ಲೇಸರ್ ಎಂಬ ಪುಟ್ಟ ಹಾಯಿದೋಣಿ 1996ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಪ್ರವೇಶಿಸಿತು. ಎಲ್ಲರಿಗೂ ಒಂದೇ ಮಾದರಿಯ ದೋಣಿ, 7.06 ಚದರ ಮೀಟರಿನ ಒಂದೇ ಹಾಯಿ. ಗೆಲುವು ಜಾಣ್ಮೆಗೆ ಸಲ್ಲಬೇಕೇ ಹೊರತು ಹಣಕ್ಕಲ್ಲ ಎಂಬುದು ಅದರ ಧರ್ಮ. ಆದಕಾರಣ ಅನುಮತಿ ಪಡೆದ ತಯಾರಕರ ಹಾಯಿಗೆ ಮಾತ್ರ ಪಂದ್ಯದಲ್ಲಿ ಮಾನ್ಯತೆ. ಆದರೆ ಹಳೆಯ ಹಾಯಿಯ ತೆಳುಬಟ್ಟೆ ಬೇಗನೆ ಜಗ್ಗಿ ಆಕಾರಗೆಡುತ್ತಿತ್ತು. ಉಳ್ಳವನು ದೊಡ್ಡ ಪಂದ್ಯಕ್ಕೊಂದು ಹೊಸ ಹಾಯಿ ಕೊಳ್ಳುತ್ತಿದ್ದನು. ಇಲ್ಲದವನು ಜಗ್ಗಿದ ಬಟ್ಟೆಯಲ್ಲಿಯೇ ಗಾಳಿ ಹಿಡಿಯಬೇಕಾಗಿತ್ತು. ಕಟ್ಟಳೆ ಸಮವಾಗಿತ್ತು, ಹಾಯಿ ಸಮವಾಗಿರಲಿಲ್ಲ! 2015-16ರಲ್ಲಿ ಬಂದ ದಪ್ಪಬಟ್ಟೆಯ ಹೊಸ ಹಾಯಿ ಈ ಅಂತರವನ್ನು ಕಿರಿದಾಗಿಸಿತು. ಬಟ್ಟೆ ಬಾಳಿದಷ್ಟು ಕಾಲವೇ ಅಲ್ಲವೆ, ಪಂದ್ಯದ ನ್ಯಾಯವೂ ಬಾಳುವುದು?